ಹಾಳುಗುಡಿಗೆ ಬಿಸಿಲು ಒಯ್ಯುವ ಯಲ್ಲಾರಿ

"ಅವನ್ನ ಏನ್ ಕೇಳ್ತೀರಿ ಬಾಯಿಸಾಹೇಬ್ರ? ಕಂದೀಲಿಗೆ ಕಣ್ಣ ಇರ್ತಾವೇನು?"

ಇನಾಮದಾರ ರಾವಸಾಹೇಬರು ಹೀಗೆಂದದ್ದೇ ತಡ, ರವಿವಾರ ಬೆಳಿಗ್ಗೆ ಗುಡಿಯ ಮುಂದೆ ನೆರೆದ ಪ್ರವಾಸಿಗಳೆಲ್ಲ ಗೊಳ್ಳೆಂದು ನಗುತ್ತಾರೆ. ಪುಣೆಯಿಂದ ಬಂದ ಆ ಹೆಂಗಸು ಕೇಳಿದ್ದಾದರೂ ಏನು? ಒಳಗಿನ ಮೂರ್ತಿಗಳಲ್ಲಿ ನಿಮಗೆ ಯಾವುದು ಹಿಡಿಸಿತು ಎಂದಷ್ಟೇ. ಕೇಳಿದ್ದು ಯಲ್ಲಾರಿಯವರನ್ನು. ಬಾಯಿ ಹಾಕಿದ್ದು ಇನಾಮದಾರರು. ಕಂದೀಲು ಎನಿಸಿಕೊಂಡ ಯಲ್ಲಾರಿಯವರು ಅಲ್ಲೇ ದೂರದಲ್ಲಿ, ಮುರಿದುಬಿದ್ದ ಕಂಬದ ಮೇಲೆ ನಿಂತಿದ್ದಾರೆ. ಎದೆಗೆ ಒತ್ತಿ ಹಿಡಿದ, ಹಿಟ್ಟು ಕಲಸುವ ಹಿತ್ತಾಳೆಯ ಪರಾತದಲ್ಲಿ ಬೆಳಗಿನ ಸೂರ್ಯ ಕುಣಿಯುತ್ತಿದ್ದಾನೆ. ನಗು ಮುಗಿದ ಮೇಲೆ ಅವರು ಕೇಳುತ್ತಾರೆ: "ಮತ್ತ ಒಳಗ ಹೊಕ್ಕಾರೇನ್ರಿ? ಬಿಡಲ್ಯಾ ಬೆಳಕು?"

ಬಿಡುತ್ತಾರೆ ನೋಡಿ! ಆ ಬೆಳಕನ್ನು ಕಣ್ಣಾರೆ ಕಂಡವರಿಗೇ ಗೊತ್ತು. ಪರಾತ ಒಂದಿಷ್ಟೇ ಇಷ್ಟು ವಾಲುತ್ತದೆ, ಕತ್ತಲು ಗವ್ವೆನ್ನುತ್ತಿದ್ದ ಗರ್ಭಗುಡಿಯೊಳಗೆ ಬಂಗಾರದ ಒಂದು ಬಿಲ್ಲೆ ಹಾರಿ ಬೀಳುತ್ತದೆ. ಗೋಡೆಯ ಮೇಲೆ ಅದು ತೆವಳುತ್ತದೆ, ಏರುತ್ತದೆ, ಮೂಗು ಮುರಿದ ದೇವತೆಯೊಬ್ಬಳ ಕೆನ್ನೆಯ ಮೇಲೆ ನಿಲ್ಲುತ್ತದೆ. ಇಷ್ಟು ಹೊತ್ತು ಬರೀ ಕಲ್ಲಾಗಿದ್ದವಳು ಈಗ ಉಸಿರಾಡುತ್ತಾಳೆ! ನನ್ನ ಬಾಜೂಕಿದ್ದ ವಕೀಲರೊಬ್ಬರು ಟೊಪ್ಪಿಗೆ ತೆಗೆದುಬಿಟ್ಟರು. ಪತ್ರಿಕೆಗೆ ಬರೆಯಲು ಬಂದಿದ್ದ ನನಗೂ ಮೈಮೇಲೆ ಮುಳ್ಳೆದ್ದವು.

ಗೋಕಾಕದ ಧಬಧಬೆ ನೋಡಲು ಬಂದವರು ತೂಗುಸೇತುವೆಯ ಮೇಲೆ ನಿಂತು ಹೌಹಾರುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಆಮೇಲೆ ಟಾಂಗಾ ಮಾಡಿಕೊಂಡು ಘೋಡಗೇರಿ ದಾರಿಯ ಈ ಹಾಳುಗುಡಿಗೆ ಬರುತ್ತಾರೆ. ಬೆಳಗಾವಿಯಲ್ಲಿ ಹಳೆಯ ಇಗರ್ಜಿ ನೋಡಿ ಬಂದ ಬಿಳಿ ಸಾಹೇಬರೂ ಬರುತ್ತಾರೆ. ಗುಡಿಯ ಬಾಗಿಲು ಪಡುವಣಕ್ಕಿದೆ, ಎದುರಿನ ಮಂಟಪ ಕುಸಿದು ಬಾಗಿಲನ್ನು ಅರ್ಧ ಮುಚ್ಚಿದೆ. ಬೆಳಗಿನ ಹೊತ್ತು ಒಳಗೆ ಏನೆಂದರೆ ಏನೂ ಕಾಣದು. ದೀವಟಿಗೆ ಹಚ್ಚಿದರೆ ಬಾವಲಿ ಎದ್ದು ಮುಖಕ್ಕೆ ಬಡಿಯುತ್ತವೆ. ಹಿಂದೊಮ್ಮೆ ಸಾಹೇಬನೊಬ್ಬ ಕನ್ನಡಿ ತಂದು ಬಿಸಿಲು ಹಾಯಿಸಲು ಹೋಗಿ ಕನ್ನಡಿ ಒಡೆದುಕೊಂಡ. ದಾರಿಯಲ್ಲಿ ಹೊರಟಿದ್ದ ಯಲ್ಲಾರಿಯವರ ಕೈಯಲ್ಲಿ ಕಲಾಯಿಗೆಂದು ಒಯ್ಯುತ್ತಿದ್ದ ಪರಾತವಿತ್ತು. "ಸಾಹೇಬ ಅಳೂಹಂಗ ಮಾರಿ ಮಾಡಿದ್ನರಿ. ನಾ ಹಿಂಗ ಹಿಡದೆ. ಒಳಗಿಂದ 'ಹೋ' ಅಂತ ಒದರಿದ. ಅವತ್ತಿನಿಂದ ಇದ ಕೆಲಸ," ಎನ್ನುತ್ತಾರೆ.

ಪರಾತ ಅವರ ಹೆಂಡತಿ ಕರೆವ್ವನವರ ತವರಿನ ಉಡುಗೊರೆ. ದಿನಾ ನಸುಕಿನಲ್ಲಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವವರೂ ಅವರೇ. ತಿಕ್ಕುತ್ತಲೇ ಬೈಯುತ್ತಾರೆ.

"ಹಿಟ್ಟ ಕಲಸೂದು ಈಗ ಮಣ್ಣಿನ ತಟ್ಟ್ಯಾಗ ನೋಡ್ರಿ. ಊರ ಮಂದೀಗೆ ಬೆಳಕ ಹಂಚತಾನ, ಮನ್ಯಾಗ ಚಿಮಣಿ ಎಣ್ಣಿ ಇಲ್ಲ!"

"ಸುಮ್ನಿರ ನೀ," ಯಲ್ಲಾರಿಯವರು ನಗುತ್ತಾರೆ, "ನಿನ್ನ ಪರಾತ ಎಷ್ಟ ದೇವರ ಮಾರಿ ನೋಡೇತಿ, ನಿಮ್ಮ ತವರ ಮಂದಿ ಯಾರರೆ ನೋಡ್ಯಾರೇನು?"

"ಪರಾತ ನೋಡೇತಿ. ನೀ ನೋಡೀ ಏನ?"

ಯಲ್ಲಾರಿಯವರ ನಗು ಅಲ್ಲಿಗೆ ನಿಲ್ಲುತ್ತದೆ. ಯಾಕೆಂದರೆ ಅವರು ನೋಡಿಲ್ಲ. ಒಮ್ಮೆಯೂ ನೋಡಿಲ್ಲ! ತಲೆಗೂದಲು ಕರಿಯಿದ್ದಾಗ ಹಿಡಿದ ಪರಾತ, ಈಗ ನೆರೆತುಹೋಗಿದೆ ತಲೆ, ಇಷ್ಟು ವರ್ಷ ಸಾವಿರಾರು ಮಂದಿಗೆ ಗುಡಿ ತೋರಿಸಿದ ಮನುಷ್ಯ ಆ ಗುಡಿಯ ಹೊಸ್ತಿಲು ತುಳಿದಿಲ್ಲ. ಅವರ ಮನೆ ಊರ ಹೊರಗಿನ ಕೇರಿಯಲ್ಲಿದೆ, ಅದೇ ಕಾರಣ. ಒಳಗೆ ದೇವರಿದೆಯೇ ಎಂದರೆ ಅದೂ ಇಲ್ಲ. ಪೀಠ ಖಾಲಿ. ಪೂಜಾರಿ ಇಲ್ಲ, ಗಂಟೆ ಇಲ್ಲ. ಬಾವಲಿ ಹೋಗಬಹುದು, ಆಡು ಹೋಗಿ ಹಿಕ್ಕೆ ಹಾಕಬಹುದು, ಸಾಹೇಬರು ಬೂಟು ಹಾಕಿಕೊಂಡು ಹೋಗಬಹುದು. ಯಲ್ಲಾರಿ ಹೋಗಬಾರದು. ಪಟ್ಟಣಗಳಲ್ಲಿ ಗುಡಿ ಪ್ರವೇಶದ ಭಾಷಣಗಳಾಗುತ್ತಿವೆಯಂತೆ, ಹಾರ ಬೀಳುತ್ತಿವೆಯಂತೆ. ಭಾಷಣ ಮಾಡುವ ಮಹಾಶಯರು ಒಮ್ಮೆ ಘೋಡಗೇರಿ ದಾರಿಗೆ ಬರಲಿ. ಕಾಯಕವೇ ದೊಡ್ಡದೆಂದು ಟಾಂಗಾದಲ್ಲಿ ಕೂತು ಉಪದೇಶ ಮಾಡುವ ರಾವಸಾಹೇಬರನ್ನು ಮಾತಾಡಿಸಲಿ. ಅವರ ಹೊಲದಲ್ಲಿ ಗುಡಿಯಿದೆ, ಅವರ ಹೊಲದ ಜೋಳ ಸುಗ್ಗಿಯಲ್ಲಿ ಯಲ್ಲಾರಿಯವರ ಮನೆಗೆ ಬರಬೇಕು. ಇಷ್ಟು ತಿಳಿದರೆ ಉಳಿದದ್ದು ತಿಳಿಯುತ್ತದೆ.

ನೋಡದ ಗುಡಿಯನ್ನು ಅವರು ಕಿವಿಯಿಂದ ಕಟ್ಟಿಕೊಂಡಿದ್ದಾರೆ. "ಎಡಗಡೆ ಮೂಲಿಗೆ ಬೆಳಕ ಬಿಟ್ಟೆ ಅಂದ್ರ ಹೆಣ್ಣಮಕ್ಳು ಕಿಸಕ್ ಅಂತಾರ. ಅಲ್ಲಿ ಮಂಗ್ಯಾ ಐತ್ರಿ, ಖರೆ. ಮಂಗ್ಯಾ ಇಲ್ಲದ ಯಾಕ ನಗತಾರ? ಅದರ ಮ್ಯಾಲ ಬಿಟ್ಟೆ ಅಂದ್ರ ಒಬ್ರೂ ಪಿಟ್ ಅನ್ನಂಗಿಲ್ಲ. ಅಲ್ಲಿ ಚೆಲುವಿ ಅದಾಳ." ಪ್ರವಾಸಿಗಳು ಒಳಗಿನಿಂದ 'ಮೇಲೆ, ಬಲಕ್ಕೆ' ಎಂದು ಕೂಗಿದಂತೆ ಅವರ ಮುಂಗೈ ಹೊರಳುತ್ತದೆ. ಎಲ್ಲರೂ ನೋಡುವುದು ಮೇಲೇ. ಕೆಳಗೆ ಬಿಡು ಎಂದು ಯಾರೂ ಕೇಳಿದ್ದಿಲ್ಲ.

ಹಿತ್ತಾಳೆಯ ಝಳ ನೋಡಿ ನೋಡಿ ಅವರ ಎಡಗಣ್ಣು ಮಂಜಾಗಿದೆ, ಬಲಗಣ್ಣು ಸಂಜೆಯಾದರೆ ನೀರಾಡುತ್ತದೆ. ಅದಕ್ಕಿಂತ ದೊಡ್ಡ ಸುದ್ದಿಯನ್ನು ರಾವಸಾಹೇಬರು ಅದೇ ರವಿವಾರ ಎಲ್ಲರೆದುರು ಸಾರಿದರು: ಅಮಾವಾಸ್ಯೆಯೊಳಗೆ ಗುಡಿಯ ಕಲ್ಲುಗಳೆಲ್ಲ ಹುಕ್ಕೇರಿಯ ಅವರ ವಾಡೆಗೆ, ಅವರು ಹೊಸದಾಗಿ ಮಾಡಿರುವ ಮ್ಯೂಜಿಯಮ್ಮಿಗೆ. ಆ ಮ್ಯೂಜಿಯಮ್ಮನ್ನು ನಾನು ನೋಡಿದ್ದೇನೆ. ನಿನ್ನೆಯವರೆಗೆ ಅದು ಎತ್ತಿನ ಕೊಟ್ಟಿಗೆ. ಬೇರೆ ಊರುಗಳಿಂದ ತಂದವುಗಳಲ್ಲಿ ಮೂರು ಒಳ್ಳೆಯ ಮೂರ್ತಿಗಳನ್ನು ಮುಂದಿಟ್ಟು, ಮನಸ್ಸಿಗೆ ಬಾರದ ಕಲ್ಲುಗಳನ್ನು ಗೋಡೆಗೆ ಮುಖ ಮಾಡಿ ಒಟ್ಟಿದ್ದಾರೆ. ಇದನ್ನು ಯಲ್ಲಾರಿಯವರಿಗೂ ಹೇಳಿದೆ. ವಾಡೆಯ ಅಗಸಿಬಾಗಿಲೊಳಗೆ ಯಲ್ಲಾರಿಯವರಿಗೆ ಕನಸಿನಲ್ಲೂ ಪ್ರವೇಶವಿಲ್ಲ. ನೋಡಿದರೆ ಈಗ ನೋಡಬೇಕು. ಇಲ್ಲದಿದ್ದರೆ ಇಲ್ಲವೇ ಇಲ್ಲ.

ಸೋಮವಾರ ಬೆಳಿಗ್ಗೆ ಹೊತ್ತು ಗುಡಿಯ ನೆತ್ತಿಗೆ ಏರುವಾಗ ಯಲ್ಲಾರಿಯವರಿಗೆ ಹೇಳಿದೆ: "ಕಾಕಾ, ಪರಾತ ಇತ್ತ ಕೊಡ್ರಿ. ನಾ ಹಿಡೀತೇನಿ. ನೀವ ಒಳಗ ಹೋಗ್ರಿ."

"ಬ್ಯಾಡೋ ಅಪ್ಪಾ. ನಿನಗೂ ಬೈತಾರ."

"ನನಗ ಬೈಸಿಕೊಳ್ಳೂದ ಹೊಸಾದಲ್ಲ."

"ಜ್ವಾಳ ನಿಲ್ಲಸ್ತಾರೋ ತಮ್ಮಾ."

ಚಾಚಿದ ಕೈಯನ್ನು ನಾನು ಹಿಂದೆಗೆಯಲಿಲ್ಲ. ಅವರು ಬಹಳ ಹೊತ್ತು ಬಾಗಿಲನ್ನೇ ನೋಡಿದರು. ಆಮೇಲೆ ಪರಾತವನ್ನು ನನ್ನ ಕೈಗಿಟ್ಟು, ತಲೆಯ ಪಟಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕುಸಿದ ಕಲ್ಲುಗಳ ಮೇಲೆ ಕೈಯೂರಿ ಹತ್ತಿ, ಬಗ್ಗಿ ಒಳಗೆ ಹೋದರು.

ಈಗ ಹೊರಗೆ ನಾನು. ಪರಾತ ಏನು ಭಾರ! ಬೆಳಕು ಹುಚ್ಚು ಕುದುರೆಯಂತೆ ಬಾಗಿಲ ಮೇಲೆ, ಮಾಡಿನ ಮೇಲೆ, ಎಲ್ಲಿ ಬೇಕೋ ಅಲ್ಲಿ. ಒಳಗಿನಿಂದ ಕೂಗು: "ಎಡಕ! ಅಯ್ಯ, ನಿನ್ನ ಎಡಕಲ್ಲೋ, ನನ್ನ ಎಡಕ!" ಹೇಗೋ ಹೊರಳಿಸಿದೆ. ಒಳಗೆ ನಗು ಸಿಡಿಯಿತು. "ಮಂಗ್ಯಾ ಅಲ್ಲೋ ತಮ್ಮಾ! ಹೊಟ್ಟಿ ಬಿಟಗೊಂಡ ಕುಳ್ಳ! ನಾಲಿಗಿ ಹೊರಗ ಹಾಕ್ಯಾನ! ನಮ್ಮ ಧಣ್ಯಾರ ಉಂಡ ಕುಂತಂಗ ಅದಾನ!" ಆಮೇಲೆ ಮೇಲಕ್ಕೆ ಬಿಟ್ಟೆ. ಪಿಟ್ ಎನ್ನಲಿಲ್ಲ ಅವರು. ಚೆಲುವಿ ಇದ್ದಳೆಂದು ನನಗೆ ಹೊರಗಿನಿಂದಲೇ ತಿಳಿಯಿತು.

ಅಷ್ಟರಲ್ಲಿ ನನ್ನ ಕೈ ಸೋತಿತು. ಪರಾತ ಜಾರಿ, ಬೆಳಕು ಧಡಕ್ಕನೆ ಗರ್ಭಗುಡಿಯ ಬಾಗಿಲವಾಡದ ಬುಡಕ್ಕೆ ಬಿತ್ತು. ಎತ್ತಲು ಹೋದೆ.

"ಎತ್ತಬ್ಯಾಡ! ಅಲ್ಲೇ ಇರ್ಲಿ! ಅಳ್ಳಾಡಸಬ್ಯಾಡೋ!"

ಉಸಿರು ಹಿಡಿದು ನಿಂತೆ. ಕೇಳಿದೆ: "ಕಾಕಾ, ಏನೈತ್ರಿ?"

"ಹಲಗಿ ಐತೋ. ಹಲಗಿ ಬಡಿಯಾಂವ ಅದಾನ. ಎಡಗೈಯಾಗ ಸಣ್ಣ ಕಡ್ಡಿ, ಬಲಗೈಯಾಗ ದಪ್ಪ ಕೋಲ. ಎದಿಗೆ ಒತ್ತಿ ಹಿಡದಾನ. ನಮ್ಮಪ್ಪ ಹಿಂಗ ಹಿಡೀತಿದ್ದ. ಹಿಂಗ ಸೊಂಟಾ ವಾರೆ ಮಾಡತಿದ್ದ. ನಮ್ಮಾಂವ ಒಳಗದಾನೋ ತಮ್ಮಾ!"

ಹಲಗಿ ಬಾರಿಸುವುದು ಯಲ್ಲಾರಿಯವರ ಮನೆತನದ ಕೆಲಸ. ಊರಿನ ಮದುವೆಗೆ, ಹೆಣಕ್ಕೆ, ಡಂಗುರಕ್ಕೆ ಅವರ ತಂದೆ ಬಾರಿಸುತ್ತಿದ್ದರು, ಎಲ್ಲ ಕಡೆ ಹೊರಗೇ ನಿಂತು. ಮತ್ತೆ ಇಲ್ಲಿ, ಯಾವ ಕಾಲದ ಶಿಲ್ಪಿಯೋ, ಅವರಿಗೆ ಕೈ ಮುಗಿಯಬೇಕು, ಹಲಗಿಯವನನ್ನು ಗರ್ಭಗುಡಿಯ ಬಾಗಿಲಿಗೇ ನಿಲ್ಲಿಸಿದ್ದಾರೆ! ಇಷ್ಟು ತಲೆಮಾರು ಅವನು ಒಳಗೇ ಇದ್ದಾನೆ, ಯಾರೂ ಹೊರಗೆ ಹಾಕಿಲ್ಲ. ನನಗೆ ಕುಣಿಯಬೇಕೆನಿಸಿತು. ಬೆಳಕು ಅಲುಗೀತೆಂದು ಸುಮ್ಮನಾದೆ.

ಹೊರಗೆ ಬಂದು ಕುಸಿದ ಕಲ್ಲುಗಳ ಮೇಲೆ ನಿಂತಾಗ ಅವರ ಗಡ್ಡವೆಲ್ಲ ಜೇಡರ ಬಲೆ. ಪತ್ರಿಕೆಗೆ ಏನು ಬರೆಯಲಿ ಎಂದು ಕೇಳಿದೆ.

"ಒಂದ ಬರಿ. ವಾಡೇಕ ಒಯ್ಯೂದಾದ್ರ ಒಯ್ಯಲಿ, ಅವ್ರ ಹೊಲಾ, ಅವ್ರ ಕಲ್ಲು. ಆದ್ರ ಅವನ ಮಾರಿ ಗೋಡಿ ಕಡೆ ಮಾಡಿ ನಿಲ್ಲಸಬಾರದು. ಇಷ್ಟ."

ಅಷ್ಟರಲ್ಲಿ ಟಾಂಗಾ ಬಂತು. ಹಿಂದೆ ಕಲ್ಲು ಹೇರುವ ಎರಡು ಚಕ್ಕಡಿ. ಟಾಂಗಾದಲ್ಲಿ ಹೊಸ ಪರವೂರ ಮಂದಿ, ಮುಂದೆ ರಾವಸಾಹೇಬರು. ಬಾಗಿಲ ಕಲ್ಲುಗಳಿಂದ ಇಳಿಯುತ್ತಿದ್ದ ಯಲ್ಲಾರಿಯವರನ್ನು ಕಂಡು ಅವರ ಮುಖ ಕಪ್ಪಿಟ್ಟಿತು.

"ಯಾರನ್ನ ಕೇಳಿ ಒಳಗ ಹೊಕ್ಕಿಯೋ? ಹೊಕ್ಕು ಏನ್ ನೋಡಿದಿ?"

ಚಕ್ಕಡಿಯವರು ಎತ್ತು ನಿಲ್ಲಿಸಿ ನೋಡುತ್ತಿದ್ದಾರೆ. ಪರವೂರ ಮಂದಿ ಕತ್ತು ಹೊರಹಾಕಿದ್ದಾರೆ. ಸೂರ್ಯ ಗುಡಿಯ ನೆತ್ತಿಯ ಮೇಲೆ ಸರಿಯಾಗಿ ನಿಂತಿದ್ದಾನೆ, ಬೆಳಕು ಬಿಡಲು ಅದೇ ಹದ. ಯಲ್ಲಾರಿಯವರು ಪಟಗ ಸುತ್ತಿಕೊಳ್ಳುತ್ತಾರೆ, ಅವಸರವಿಲ್ಲದೆ. ನನ್ನ ಕೈಯಿಂದ ಪರಾತ ತೆಗೆದುಕೊಂಡು ತಲೆಯ ಮೇಲೆ ಬೋರಲಿಡುತ್ತಾರೆ. ಟಾಂಗಾದ ಬಾಜೂಕಿನಿಂದಲೇ ಹಾದು, ಎದೆಗೆ ಏನನ್ನೋ ಒತ್ತಿ ಹಿಡಿದವರಂತೆ ಎಡಗೈ ಮಡಚಿ, ಸೊಂಟ ಒಂದಿಷ್ಟು ವಾರೆ ಮಾಡಿ, ಯಾರಿಗೂ ಬೆಳಕು ಬಿಡದೆ ಘೋಡಗೇರಿಯ ದಾರಿ ಹಿಡಿದು ನಡೆದುಹೋಗುತ್ತಾರೆ.