ಡ್ರಾಯಿಂಗ್ ಮೇಷ್ಟ್ರ ಕುಲುಮೆ

ಹೋದ ವಾರ ಮಂಡ್ಯದ ಪೇಟೆಯಲ್ಲಿ ಒಂದು ಕುಲುಮೆಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಯಾರೋ ಕೆಂಪಗೆ ಕಾದ ಕುಡುಗೋಲನ್ನು ಹೊಂಗೆ ಎಣ್ಣೆಯ ಮಡಕೆಗೆ ಅದ್ದಿದರು. ಚುಂಯ್ ಎಂದು ಹೊಗೆ ಎದ್ದು, ಆ ಕಮಟು ವಾಸನೆ ಮೂಗಿಗೆ ಹೊಡೆಯಿತು. ವಾಸನೆಯಿಂದ ಹಳೆಯದೆಲ್ಲ ನೆನಪಾಗುತ್ತದೆ ಎನ್ನುವುದು ಕತೆ ಕಟ್ಟುವವರ ಸುಳ್ಳು ಎಂದು ನಾನು ಕಾಲೇಜಿನ ಚರ್ಚಾಕೂಟದಲ್ಲಿ ಅರ್ಧ ಗಂಟೆ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡವನು. ಅವತ್ತು ಮಾತ್ರ ಬೀದಿಯಲ್ಲಿ ಹಾಗೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಗಾಡಿಯವನು, "ದಾರಿ ಬುಡಿ ಸ್ವಾಮಿ, ನಿಂತ್ಕಂಡೇ ನಿದ್ದೆ ಒಡೀತೀರಾ?" ಎಂದು ಕೂಗಿದ ಮೇಲೆ ಪಕ್ಕಕ್ಕೆ ಸರಿದೆ.

ಮದ್ದೂರಿನಲ್ಲಿ ನಮ್ಮ ಎದುರುಮನೆಯಲ್ಲಿ ಡ್ರಾಯಿಂಗ್ ಮೇಷ್ಟ್ರಿದ್ದರು. ಮಕ್ಕಳಿಲ್ಲದ ದಂಪತಿ. ಅವರ ಹೆಂಡತಿಯನ್ನು ನಾನು ಚಿಕ್ಕಂದಿನಿಂದಲೂ ಅತ್ತೆ ಎಂದೇ ಕರೆಯುತ್ತಿದ್ದೆ. ಮೇಷ್ಟ್ರು ತೆಳ್ಳಗೆ, ಉದ್ದಕ್ಕೆ, ಕೋಟಿನ ತೋಳಿನಲ್ಲಿ ಸದಾ ಸೀಮೆಸುಣ್ಣದ ಪುಡಿ. ನಾನು ಮೈಸೂರಿಂದ ರಜಕ್ಕೆ ಬಂದಾಗಲೆಲ್ಲ ಅವರ ಜಗಲಿಯ ಮೇಲೆ ಕೂತು ವಾದ ಮಾಡುತ್ತಿದ್ದೆ. ದೇವರಿದ್ದಾನೆಯೇ, ಗ್ರಹಣಕ್ಕೆ ಸ್ನಾನವೇಕೆ, ಜಾತಕ ನೋಡಿ ಮದುವೆಯಾದವರು ಸುಖವಾಗಿದ್ದಾರೆಯೇ... ಅವರು ಎಲ್ಲದಕ್ಕೂ, "ನೀನು ಹೇಳೋದು ಸರಿಯಪ್ಪಾ" ಎಂದು ನಗುತ್ತಿದ್ದರು. ಸೋಲಿಸಿದ ಖುಷಿಯೂ ಸಿಕ್ಕದಂತೆ ಸೋಲುವ ಮನುಷ್ಯ.

ನಾನು ಇಂಟರ್‌ಮೀಡಿಯಟ್‌ನಲ್ಲಿದ್ದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ಬೇಸಗೆ ರಜಕ್ಕೆ ನಾನು ಊರಿಗೆ ಬರುವ ಹೊತ್ತಿಗೆ ಕಾಲು ಎಳೆದುಕೊಂಡು ಓಡಾಡುವಷ್ಟಾಗಿದ್ದರು. ಬಲಗೈ ಮೊಣಕೈವರೆಗೆ ಆಡುತ್ತಿತ್ತು. ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ. ನಮ್ಮ ಮನೆಯಿಂದ, ಪಕ್ಕದ ಮನೆಯಿಂದ ಸಾರು, ಪಲ್ಯ ಹೋಗುತ್ತಿತ್ತು. ಮೇಷ್ಟ್ರು ಕಲೆಸಿ ತುತ್ತು ಮಾಡಿ ಕೊಟ್ಟರೆ ಅತ್ತೆ ಎರಡು ತುತ್ತಿಗೆ ಸಾಕೆನ್ನುತ್ತಿದ್ದರು. ಊರಿಗೆಲ್ಲ ಹುಳಿಯ ರುಚಿ ಹೇಳಿಕೊಟ್ಟ ಹೆಂಗಸು, ಬೇರೆಯವರ ಮನೆಯ ಪಾತ್ರೆ ಬಾಗಿಲಲ್ಲಿ ಕಂಡರೆ ಮುಖ ಗೋಡೆಗೆ ತಿರುಗಿಸಿ ಮಲಗುತ್ತಿದ್ದರು. ದಿನದಿನಕ್ಕೂ ಇಳಿದುಹೋಗುತ್ತಿದ್ದರು. ಮಳವಳ್ಳಿಯಿಂದ ಮೇಷ್ಟ್ರ ತಮ್ಮ ಬಂದು, "ಅತ್ತಿಗೇನ ನಮ್ಮನೇಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ನೋಡ್ಕೊಳ್ಳೋರು ಇದಾರೆ" ಎಂದ. ಅವನು ಅತ್ತ ಹೋದಮೇಲೆ ಅತ್ತೆ ತೊದಲುತ್ತಾ ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದೆ.

"ಒಲೆ ಮುಂದೆ ನೀವು ಕೂತ್ಕೊಳ್ಳಿ. ತರಕಾರಿ ಹೆಚ್ಚೋದಾದ್ರೂ ನನಗಿರ್ಲಿ. ಅಷ್ಟೂ ಇಲ್ದಿದ್ರೆ ನಾನು ಈ ಮನೇಲಿ ಯಾರು?"

ಆದರೆ ಹೆಚ್ಚುವುದು ಹೇಗೆ? ಈಳಿಗೆಮಣೆಗೆ ಎರಡು ಕೈ ಬೇಕು. ಮಣೆಯನ್ನು ಕಾಲಲ್ಲಿ ಒತ್ತಿಹಿಡಿದು, ಕಾಯಿಯನ್ನು ಎರಡೂ ಕೈಯಿಂದ ಅಲಗಿಗೆ ಕೊಡಬೇಕು. ಒಂದು ಕೈಯವರಿಗೆ ಅದು ಬರಿಯ ಮರದ ತುಂಡು. ಮೇಷ್ಟ್ರು ಮಾರನೆಯ ದಿನ ಶಾಲೆಯಿಂದ ಡ್ರಾಯಿಂಗ್ ಕಾಗದ ತಂದು ನಡುಮನೆಯಲ್ಲಿ ಹರಡಿ ಬರೆಯತೊಡಗಿದರು. ಒಂದೇ ಕೈಯಲ್ಲಿ ಒತ್ತಿ ಹೆಚ್ಚುವ ಚೂರಿ. ಹಿಡಿ ಇಷ್ಟು, ಬೆನ್ನು ದಪ್ಪ, ಬಾಯಿ ಬಾಗು.

"ಆಚಾರಿ ಹತ್ರ ಮಾಡಿಸಬಹುದಲ್ಲ ಮೇಷ್ಟ್ರೇ?" ಎಂದೆ.

"ಒಂದು ಸಲಕ್ಕೆ ಸರಿಹೋಗೋದಲ್ಲಪ್ಪ ಇದು. ಅವಳ ಕೈಗೆ ಕೊಟ್ಟು ನೋಡ್ಬೇಕು, ಮತ್ತೆ ಬಡೀಬೇಕು, ಮತ್ತೆ ಕೊಟ್ಟು ನೋಡ್ಬೇಕು. ಅಷ್ಟು ಸಲ ಯಾರ ಬಾಗಿಲಿಗೆ ಹೋಗ್ಲಿ?"

ಹಿತ್ತಲಿನ ಕೊಟ್ಟಿಗೆ ಖಾಲಿಯಿತ್ತು. ಅತ್ತೆ ಬಿದ್ದಮೇಲೆ ಹಸುವನ್ನು ಕೊಟ್ಟುಬಿಟ್ಟಿದ್ದರು. ಅದರ ನೆಲದಲ್ಲಿ ಗುಂಡಿ ತೋಡಿ, ಸುತ್ತ ಜೇಡಿಮಣ್ಣು ಮೆತ್ತಿ ಕುಲುಮೆ ಮಾಡಿದರು. ರೈಲ್ವೆ ಗ್ಯಾಂಗಿನ ಮೇಸ್ತ್ರಿಯನ್ನು ಕಾಡಿ ಬೇಡಿ ಮೊಳದುದ್ದದ ಕಂಬಿಯ ತುಂಡು ತಂದು, ಹುಣಿಸೆ ದಿಮ್ಮಿಗೆ ಕೂರಿಸಿದರು. ಕಾದ ಕಬ್ಬಿಣ ಬಡಿಯಲು ಅದೇ ಅಡಿಗಲ್ಲು. ಮಳವಳ್ಳಿ ಕಡೆಯ ಗಾಡಿಗಳಿಂದ ಜಾಲಿಮರದ ಇದ್ದಿಲು. ಗೋಡೆಗೆ ಮೊಳೆ ಹೊಡೆದು ಸುತ್ತಿಗೆ, ಇಕ್ಕಳ, ಅರಗಳನ್ನು ಎತ್ತರದ ಸಾಲಿನಲ್ಲಿ ತೂಗುಹಾಕಿ, ಒಂದೊಂದರ ಹಿಂದೆಯೂ ಸೀಮೆಸುಣ್ಣದಲ್ಲಿ ಅದರದೇ ಆಕಾರ ಬರೆದರು. ಯಾವುದು ಜಾಗದಲ್ಲಿಲ್ಲವೋ ಅದು ಗೋಡೆಯ ಮೇಲೆ ನೆರಳಾಗಿ ಕಾಣುತ್ತಿತ್ತು.

ರಂಪವಾದದ್ದು ತಿದಿ ಬಂದ ದಿನ. ತಿದಿ ಎಂದರೆ ಗಾಳಿ ಊದುವ ಚರ್ಮದ ಚೀಲ. ಮಡಿ ಹೆಂಗಸರಿರುವ ಬೀದಿಗೆ ಎಮ್ಮೆಯ ಚರ್ಮ! ನಮ್ಮಜ್ಜಿ ಸೆರಗು ಬಿಗಿದು ಬೀದಿಗಿಳಿದರು. ನಾನು ಅಡ್ಡ ನಿಂತೆ.

"ಅಜ್ಜೀ, ದೇವಸ್ಥಾನದಲ್ಲಿ ಬಾರಿಸೋ ಮೃದಂಗ ಯಾವುದರದು? ಚರ್ಮದ್ದಲ್ವಾ? ಅದಕ್ಕೆ ಮೈಲಿಗೆ ಇಲ್ಲ, ಇದಕ್ಕೆ ಮಾತ್ರ ಹೇಗೆ ಬಂತು?"

"ಹಾಗಾದ್ರೆ ಮೃದಂಗ ಮಗುಚಿಹಾಕಿ ಅದರ ಮೇಲೆ ಅನ್ನ ಬಡಿಸ್ಕೊಂಡು ಉಣ್ಣು ಹೋಗೋ! ಇವನೊಬ್ಬ ಬಂದ, ಮೈಸೂರಲ್ಲಿ ಓದಿದೋನು!"

ಬೀದಿಯೆಲ್ಲ ನಕ್ಕಿತು. ಕೊನೆಗೆ ಮೇಷ್ಟ್ರೇ ದಾರಿ ಕಂಡುಕೊಂಡರು. ಹಿತ್ತಲ ಬೇಲಿ ಕಿತ್ತು ತಿದಿಯನ್ನು ಗದ್ದೆಯ ಕಡೆಯಿಂದ ಒಳತಂದರು, ಕೆಲಸ ಮುಗಿದಮೇಲೆ ಬಾವಿಯಲ್ಲಿ ಮಿಂದೇ ಮನೆಯೊಳಕ್ಕೆ ಹೋಗುವುದೆಂದು ಅಜ್ಜಿಗೆ ಮಾತು ಕೊಟ್ಟರು. ನನಗಾದರೋ ಅದು ಶರಣಾಗತಿಯಾಗಿ ಕಂಡಿತು. "ಸರಿಯಾದ ವಾದ ನಮ್ಮ ಕಡೆ ಇತ್ತಲ್ಲ ಮೇಷ್ಟ್ರೇ" ಎಂದೆ. "ವಾದ ಇತ್ತಪ್ಪ. ಆದ್ರೆ ತಿದಿ ಬೇಕಾಗಿತ್ತು" ಎಂದರು.

ತಿದಿಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ತಾವೇ ಒತ್ತುತ್ತಾ, ತಾವೇ ಬಡಿಯುತ್ತಿದ್ದರು. ಊರಿನ ಆಚಾರಿ ಒಮ್ಮೆ ಬೇಲಿಯಾಚೆ ನಿಂತು ನೋಡಿದ.

"ಏನ್ ಸ್ವಾಮಿ, ಸೀಮೆಸುಣ್ಣ ಬುಟ್ಟು ಸುತ್ತಿಗೆ ಇಡ್ಕಂಡವ್ರೆ? ನಾಳಿಂದ ನಾನು ಇಸ್ಕೂಲಿಗೋಗಿ ಚಿತ್ರ ಬರೆಸ್ಲಾ?"

"ಬಾರಪ್ಪ, ಖಂಡಿತ ಬಾ. ಮಕ್ಕಳಿಗಾದ್ರೂ ಒಂದು ದಿನ ರಜಾ ಸಿಕ್ಕಿದ ಹಾಗಾಗ್ಲಿ."

ಮೊದಲನೆಯ ಚೂರಿಯನ್ನು ಗಾಡಿಚಕ್ರದ ಹಳೆಯ ಪಟ್ಟಿಯಿಂದ ಮಾಡಿದರು. ಅದು ಸುವರ್ಣಗೆಡ್ಡೆಯ ಮುಂದೆ ಬಾಗಿ ನಮಸ್ಕಾರ ಹಾಕಿತು. ಮುಂದಿನದನ್ನು ಸವೆದ ಅರದಿಂದ ಮಾಡಿದರು, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೊಡನೆ ಟಣ್ಣೆಂದು ಸೀಳಿತು. ಆಮೇಲೆ ನೀರು ಬಿಟ್ಟು ಹೊಂಗೆ ಎಣ್ಣೆಗೆ ಬಂದರು. ಕೈಗೆ ಬೊಬ್ಬೆ, ಕೋಟಿಗೆ ತೂತು. ಸಂಜೆ ನಾನು ಹೋಗಿ ಕಲ್ಲುಚಪ್ಪಡಿಯ ಮೇಲೆ ಕೂತು, ಮನುಷ್ಯ ಯಂತ್ರವನ್ನು ಆಳುತ್ತಾನೆಯೇ ಯಂತ್ರ ಮನುಷ್ಯನನ್ನೇ ಎಂದು ಶುರುಮಾಡುತ್ತಿದ್ದೆ. ಅವರು ಅರ ಉಜ್ಜುತ್ತಾ ಉಜ್ಜುತ್ತಾ "ಹೂಂ, ಹೂಂ" ಎನ್ನುತ್ತಿದ್ದರು. ಈಗ ನೆನೆದರೆ ಅವರಿಗೆ ಒಂದಕ್ಷರವೂ ಕೇಳಿಸಿರಲಾರದು...

ಕೊನೆಗೆ ಒಂದು ಚೂರಿ ಗೆದ್ದಿತು. ಎಡಗೈಯವರಿಗೆಂದೇ ಒಂದೇ ಮಗ್ಗುಲಿಗೆ ಸಾಣೆ ಹಿಡಿದದ್ದು, ಹಲಸಿನ ಮರದ ಹಿಡಿ, ಅರಗಿನಲ್ಲಿ ಕೂರಿಸಿದ್ದು. ಕೈಯಲ್ಲಿ ಹಿಡಿದರೆ ಸಾಕು, ತಾನೇ ಇಳಿಯುವಂಥ ಭಾರ. ಮೇಷ್ಟ್ರು ಮಿಂದು ಬಂದು ಅದನ್ನು ಅತ್ತೆಯ ಎಡಗೈಲಿಟ್ಟರು. ಎದುರಿಗೆ ಮಣೆ, ಮಣೆಯ ಮೇಲೆ ಒಂದು ಸೌತೆಕಾಯಿ.

ಅತ್ತೆ ಚೂರಿಯನ್ನು ನೋಡಿದರು, ಗಂಡನ ಬೊಬ್ಬೆಯೆದ್ದ ಕೈ ನೋಡಿದರು. ಚೂರಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಎಡಗೈಲಿ ಹೆಚ್ಚಿದ್ದನ್ನ ದೇವರ ಮುಂದೆ ಹೇಗೆ ಇಡ್ಲಿ? ನಿಮಗೆ ಹೇಗೆ ಬಡಿಸ್ಲಿ?"

ತೂಕ ಲೆಕ್ಕ ಹಾಕಿದ್ದೆವು, ಬಾಗು ಲೆಕ್ಕ ಹಾಕಿದ್ದೆವು. ಇದೊಂದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಕಾಗದದ ಮೇಲೆ ಅಳೆದು ಬರೆದು ಎಡಗೈಗೆಂದೇ ರೂಪಿಸಿದ ಚೂರಿ. ಆ ಕೈ ಯಾರದು, ಅವರ ಅಡುಗೆಮನೆ ಎಂಥದು ಎನ್ನುವುದು ಕಾಗದದಲ್ಲಿ ಬಿದ್ದಿರಲಿಲ್ಲ. ನಾನು ಸುಮ್ಮನಿರುವವನೇ? ಎರಡೂ ಕೈಯಲ್ಲಿ ಹರಿಯುವುದು ಒಂದೇ ರಕ್ತ, ಈಳಿಗೆಮಣೆಯಲ್ಲೂ ಎಡಗೈ ಕಾಯಿಯನ್ನು ಮುಟ್ಟುತ್ತಲೇ ಇತ್ತು, ಅತ್ತೆ ಹೇಳುವುದರಲ್ಲಿ ನ್ಯಾಯವೆಲ್ಲಿದೆ ಎಂದು ಒಂದೊಂದಾಗಿ ಮಂಡಿಸಿದೆ.

"ಮುಟ್ಟುತ್ತಿತ್ತು ಕಣೋ. ಬಲಗೈ ಜೊತೇಲಿತ್ತು" ಎಂದರು ಅತ್ತೆ. ಕಣ್ಣಲ್ಲಿ ನೀರಿತ್ತು.

ಮೇಷ್ಟ್ರು ಎದ್ದು ಹೋಗಿ ಕುಲುಮೆಗೆ ಇದ್ದಿಲು ಸುರಿದರು. ನಾನು ಹಿಂದೆಯೇ ಹೋದೆ. "ಹಟ ಮೇಷ್ಟ್ರೇ ಅದು. ನೀವು ಗಟ್ಟಿಯಾಗಿ ಹೇಳಿದ್ರೆ ಕೇಳ್ತಾರೆ" ಎಂದೆ.

"ಜೊತೇಲಿತ್ತು ಅಂದಳಲ್ಲ, ಕೇಳಿಸ್ಲಿಲ್ವೇನೋ?" ಎಂದು ತಿದಿಯ ಹಗ್ಗ ಕಾಲಿಗೆ ಸುತ್ತಿಕೊಂಡರು.

ಅವರು ಆಮೇಲೆ ಮಾಡಿದ ಆಯುಧಕ್ಕೆ ನನಗೆ ಹೆಸರು ಗೊತ್ತಿಲ್ಲ. ಅರ್ಧಚಂದ್ರದ ಹಾಗೆ ಬಾಗಿದ ಅಲಗು. ಅದರ ಬೆನ್ನಿಗೆ ಅಂಗೈ ಅಗಲದ ಹಲಸಿನ ಹಲಗೆ. ಹಿಡಿಯುವಂತೆಯೇ ಇಲ್ಲ, ಬಲಗೈಯನ್ನು ಹಲಗೆಯ ಮೇಲೆ ಸುಮ್ಮನೆ ಇಡಬೇಕು, ಅದರ ಮೇಲೆ ಎಡಗೈಯಿಟ್ಟು ಅತ್ತಿತ್ತ ತೂಗಬೇಕು. ಕಾಯಿ ಜಾರದಂತೆ ಮಣೆಗೆ ಎರಡು ಮೊಳೆ. ನನ್ನ ರಜ ಮುಗಿಯುವ ಮುಂಚಿನ ದಿನ ಅತ್ತೆ ಅದರಲ್ಲಿ ಬದನೆಕಾಯಿ ಹೆಚ್ಚಿದರು. ಹೋಳುಗಳು ದಪ್ಪ ಒಂದು, ತೆಳುವು ಒಂದು. ಹೆಚ್ಚಿ ಮುಗಿಸಿ, ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತರು.

"ಒತ್ತಿದ್ದು ಎಡಗೈಯೇ ಅಲ್ವಾ ಅತ್ತೆ?" ಎಂದೆ ನಾನು, ಬಿಡದೆ.

"ಜೋಡೆತ್ತು ಗಾಡಿ ಊರಿಗೆ ಬಂದಮೇಲೆ, ಯಾವ ಎತ್ತು ಎಷ್ಟು ಎಳೀತು ಅಂತ ಕೇಳ್ತಾರೇನೋ ಮುಂಡೇದೆ? ಎಲೆ ಹಾಕ್ಕೋ."

ಆ ದಿನ ಅವರು ಹೊಟ್ಟೆ ತುಂಬ ಉಂಡರು. ತುತ್ತು ಮಾಡಿಕೊಟ್ಟದ್ದು ಮೇಷ್ಟ್ರೇ. ಆದರೆ ಉಂಡದ್ದು ತಾವು ಹೆಚ್ಚಿದ ಬದನೆಕಾಯಿಯ ಹುಳಿ. ಮಳವಳ್ಳಿಗೆ ಹೋಗುವ ಮಾತು ಅಲ್ಲಿಗೆ ನಿಂತಿತು. ಮಳೆಗಾಲವಿಡೀ ಅವರ ಮನೆಯಿಂದಲೇ ನಮ್ಮ ಮನೆಗೆ ಹುಳಿ ಬರುತ್ತಿತ್ತೆಂದು ಅಮ್ಮ ಆಮೇಲೆ ಹೇಳಿದಳು.

ದಸರಾ ರಜಕ್ಕೆ ಬಂದೆ. ಆಯುಧಪೂಜೆಯ ದಿನ ಮೇಷ್ಟ್ರು ಸುತ್ತಿಗೆ, ಇಕ್ಕಳ, ಅರಗಳನ್ನೆಲ್ಲ ತೊಳೆದು, ಆ ಅರ್ಧಚಂದ್ರದ ಅಲಗನ್ನೂ ನಡುವಿಗಿಟ್ಟು, ಕುಂಕುಮ ಹಚ್ಚಿ ಹೂವಿಟ್ಟರು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. "ಹಬ್ಬದ ದಿನಾನೇ ನನ್ನ ಕೈ ಕಟ್ಟಿಹಾಕಿದ್ರಲ್ಲ ನಿಮ್ಮ ಮೇಷ್ಟ್ರು!" ಎಂದು ಅತ್ತೆ ನಗುತ್ತಾ ದೂರಿದರು. ಅವತ್ತು ಅಡುಗೆಗೆ ತರಕಾರಿಯಿಲ್ಲ, ಬೇಳೆಯ ಹೋಳಿಗೆ. ಮಾರನೆಯ ಬೆಳಿಗ್ಗೆ, ಅಲಗನ್ನು ಪೂಜೆಯಿಂದ ತೆಗೆಯುವ ಮೊದಲೇ, ಅತ್ತೆಗೆ ಮತ್ತೆ ಲಕ್ವ ಹೊಡೆಯಿತು. ಮಧ್ಯಾಹ್ನಕ್ಕೆ ಹೋದರು.

ಚರ್ಮ ಬೀದಿಗೆ ಬಂದದ್ದರಿಂದ ಎಂದರು ಕೆಲವರು. ಮೇಷ್ಟ್ರು ಕುಲುಮೆ ಹೂಡಿದ್ದರಿಂದ ಎಂದರು ಕೆಲವರು. ಅವರೊಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದೆ: ಮೊದಲ ಸಲ ಹೊಡೆದಾಗ ಯಾವ ತಿದಿ ಇತ್ತು, ಯಾವ ಕುಲುಮೆ ಇತ್ತು? ನಮ್ಮಜ್ಜಿ ಮಾತ್ರ ಆ ಮಾತು ಆಡಲಿಲ್ಲ. ಒಂದು ಮೂಲೆಯಲ್ಲಿ ಕೂತು, "ನಾಲ್ಕು ತಿಂಗಳು ಅವಳ ಮನೆ ಅವಳದಾಗಿತ್ತು ಬಿಡು" ಎಂದರು.

ಸಂಕ್ರಾಂತಿಗೆ ಎಳ್ಳು ಕೊಡಲು ಎದುರುಮನೆಗೆ ಹೋದೆ. ಬಾಗಿಲು ತೆರೆದಿತ್ತು. ಮೇಷ್ಟ್ರು ಅಡುಗೆಮನೆಯ ನೆಲದ ಮೇಲೆ ಕೂತು ಅವರೆಯ ಹುಳಿಗೆ ಬದನೆಕಾಯಿ ಹೆಚ್ಚುತ್ತಿದ್ದರು. ಮನೆಯಲ್ಲಿ ಈಳಿಗೆಮಣೆ ಇತ್ತು, ಅವರು ಎಡಗೈಗೆಂದು ಮಾಡಿದ್ದ ಆ ಒಳ್ಳೆಯ ಚೂರಿಯೂ ಇತ್ತು. ಅವರ ಎರಡು ಕೈಯೂ ಗಟ್ಟಿಯಾಗಿದ್ದವು. ಆದರೂ ಆ ಅಲಗಿನ ಹಲಗೆಯ ಮೇಲೆ ಬಲಗೈಯನ್ನು ಸತ್ತದ್ದರ ಹಾಗೆ ಚಾಚಿ, ಅದರ ಮೇಲೆ ಎಡಗೈಯಿಟ್ಟು, ಮೆಲ್ಲಗೆ ತೂಗುತ್ತಿದ್ದರು. ಹೋಳು ದಪ್ಪ ಒಂದು, ತೆಳುವು ಒಂದು.

"ಹೀಗ್ಯಾಕೆ ಮೇಷ್ಟ್ರೇ?" ಎಂದೆ.

ತಲೆಯೆತ್ತಿ ನೋಡಿದರು. "ಬಾರಪ್ಪ, ಕೂತ್ಕೋ. ಇದೊಂದು ಹೆಚ್ಚಿಬಿಡ್ತೀನಿ" ಎಂದರು. ಅಷ್ಟೇ.

ಆ ವರ್ಷವೇ ತಮ್ಮ ಬಂದು ಅವರನ್ನು ಮಳವಳ್ಳಿಗೆ ಕರೆದುಕೊಂಡು ಹೋದ. ಈಗ ಅವರೂ ಇಲ್ಲ. ಹೋದದ್ದು ನನಗೆ ತಿಳಿದದ್ದೂ ತಡವಾಗಿ, ಹನಕೆರೆ ಸ್ಟೇಷನ್ನಿನಲ್ಲಿ ಯಾರೋ ಮಾತಿನ ನಡುವೆ ಹೇಳಿದಾಗ. ಮದ್ದೂರಿನ ಆ ಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಕೊಟ್ಟಿಗೆಯ ಗುಂಡಿ ಮುಚ್ಚಿ ಹಸು ಕಟ್ಟಿದ್ದಾರಂತೆ.

ಎಡಗೈಗೂ ಬಲಗೈಗೂ ಭೇದವಿಲ್ಲ ಎಂಬ ನನ್ನ ಮಾತನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಸಾಧಿಸಬಲ್ಲೆ. ಸಭೆಗಳೇನೋ ಬೇಕಾದಷ್ಟಿವೆ... ಆದರೆ ಆ ವಾದವನ್ನು ನಾನು ಗೆಲ್ಲಬೇಕಾಗಿದ್ದದ್ದು ಒಂದು ಅಡುಗೆಮನೆಯಲ್ಲಿ, ಇಬ್ಬರ ಮುಂದೆ.