ಅತ್ತೆಯ ಮಜ್ಜಿಗೆಗೆ ಬಿದ್ದ ಬ್ರೇಕು

ಸೈಕಲ್ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿರುವವನೇ ಗೆಲ್ಲುತ್ತಾನೆಂದು ನಾನು ಬಹಳ ಕಾಲ ನಂಬಿದ್ದೆ. ಎಂ.ಎ. ಮುಗಿಸಿದ ಮೇಲೂ ನಂಬಿದ್ದೆ ಎನ್ನಲು ಸ್ವಲ್ಪ ನಾಚಿಕೆಯಾಗುತ್ತದೆ.

ಊರಿಂದೂರಿಗೆ ಹಲವು ದಿನ ನಡೆಯುವ ಪಂದ್ಯದ ಲೆಕ್ಕವೇ ಬೇರೆ. ದಿನದಿನದ ಹೊತ್ತನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವನು ಗೆದ್ದ. ತಂಡದಲ್ಲಿ ಗೆಲ್ಲಬೇಕಾದವನು ಒಬ್ಬನೇ; ಉಳಿದವರು ಅವನ ಮುಂದೆ ತುಳಿಯುತ್ತ ಎದುರುಗಾಳಿಯನ್ನು ತಮ್ಮ ಎದೆಗೆ ತೆಗೆದುಕೊಳ್ಳಬೇಕು. ನನ್ನಣ್ಣ ವೀರೇಶ ಆ ಉಳಿದವರಲ್ಲೊಬ್ಬ. ಅರ್ಥಶಾಸ್ತ್ರ ಓದಿದ ನನಗೆ, ಸಂಬಳ ಪಡೆದು ಬೇರೊಬ್ಬನ ಪಾಲಿನ ಗಾಳಿ ತಡೆಯುವ ಉದ್ಯೋಗವೊಂದಿದೆ ಎಂಬುದು ಮೊದಲ ಆಘಾತ.

ಎರಡನೆಯದು ಕುರುಗೋಡಿನಲ್ಲಿ ಕಾದಿತ್ತು. ಅಂದು ಪಂದ್ಯ ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ. ಅಣ್ಣನ ನಾಯಕ ದೇವದಾಸ ಒಟ್ಟು ಹೊತ್ತಿನಲ್ಲಿ ಮೊದಲಿಗನಾಗಿದ್ದ, ಕೂದಲೆಳೆಯ ಅಂತರದಲ್ಲಿ. ನಾನು ರಸ್ತೆಯ ಬದಿಯ ಸೋದರತ್ತೆಯ ಮನೆಯ ಕಟ್ಟೆಯ ಮೇಲೆ ನಿಂತಿದ್ದೆ. ಅತ್ತೆ ನನ್ನ ಪಕ್ಕದಲ್ಲಿ ಕಾಣಲಿಲ್ಲ. ನೋಡಿದರೆ ಮಜ್ಜಿಗೆಯ ತಂಬಿಗೆ ಹಿಡಿದು ನಡುರಸ್ತೆಯಲ್ಲಿದ್ದರು.

"ಅತ್ತೀ, ಈ ಕಡೆ ಬರ್ರಿ!"

"ಸುಮ್ನಿರವ್ವ. ತವರುಮನಿ ಕೂಸು ಬಾಯಿ ಒಣಗಿಸಿಕೊಂಡು ನನ್ನ ಬಾಗಿಲ ಮುಂದ ಹಾದು ಹೋಗಬೇಕೇನು?"

ಸೈಕಲ್ಲುಗಳು ಬಂದೇಬಿಟ್ಟವು. ಎಲ್ಲಕ್ಕೂ ಮುಂದೆ ಅಣ್ಣ, ಅವನ ಬೆನ್ನಿಗೆ ದೇವದಾಸ.

"ಲೇ ವೀರೇಶಾ, ನಿಂದ್ರೋ!"

ಅಣ್ಣ ನಿಂತ! ಪಕ್ಕಕ್ಕೆ ತಿರುಗಿಸಿ ಹೋಗಬಹುದಿತ್ತು. ಹೋಗದೆ ಬ್ರೇಕು ಹಾಕಿದ. ದೇವದಾಸ ಹೇಗೋ ಹೊರಳಿಸಿ, ಬೀಳದೆ, ತಾನೂ ಕಾಲೂರಿ ನಿಂತ. ಉಳಿದವರೆಲ್ಲ ಎರಡೂ ಬದಿಯಿಂದ ಹಾದು ಹೋದರು. ಅಣ್ಣ ತಂಬಿಗೆಯೆತ್ತಿ ಗಟಗಟ ಕುಡಿದ. ಅತ್ತೆ ದೇವದಾಸನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇನಪಾ, ನಮ್ಮ ಹುಡುಗನ ಬೆನ್ನಿಗಿ ಅಡಗಿಕೊಂಡು ಬಂದೀಯಲ್ಲ? ಕುಡಿ, ಶಕ್ತಿ ಬರ್ತೈತಿ. ಆಮ್ಯಾಲೆ ನೀನೂ ಒಂದೀಟು ಮುಂದ ತುಳಿ."

ಅವನೂ ಕುಡಿದ. ಬಳಿಕ ಇಬ್ಬರೂ ಹುಚ್ಚರಂತೆ ತುಳಿದು ಮರೆಯಾದರು.

ನಾನು ಅತ್ತೆಯನ್ನು ಕರೆದುಕೊಂಡು ಬಸ್ಸು ಹಿಡಿದು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಮೊದಲ ಸ್ಥಾನ ಕೈತಪ್ಪಿತ್ತು. ತಂಡದ ಮ್ಯಾನೇಜರರು ಅಣ್ಣನಿಗೆ, "ಮಜ್ಜಿಗಿ ಕುಡಿಯಾಕ ನಿಂದ್ರಾಂವ ನಮಗ ಬ್ಯಾಡ. ಗಂಟು ಕಟ್ಟು," ಎನ್ನುತ್ತಿದ್ದರು. ಅಣ್ಣ ತಲೆ ತಗ್ಗಿಸಿದ್ದ.

"ಯಾಕ ನಿಂತೀ?" ಎಂದು ಪಿಸುಗುಟ್ಟಿದೆ.

"ಅತ್ತಿ ಅಡ್ಡ ನಿಂತಿದ್ಲಲ್ಲ. ಏನ್ ಮಾಡ್ಲಿ?" ಎಂದ.

ಆಗ ದೇವದಾಸ ಬಂದ. "ಸರ್, ಅವನಿಗೆ ಮನಿ ಇತ್ತು, ನಿಂತ. ನನಗ ಅಲ್ಲಿ ಯಾರಿದ್ರು? ನಾನ್ಯಾಕ ನಿಂತೆ ಅಂತ ಕೇಳ್ರಿ. ಇವನಿಲ್ಲದ ಗಾಳಿಗಿ ನಾನು ನಡುದಾರಿಯ ಸಿರಿಗೇರಿನೂ ದಾಟ್ತಿರಲಿಲ್ಲ. ಕಳಸೂದಿದ್ರ ಇಬ್ರನ್ನೂ ಕಳಸ್ರಿ."

ಮ್ಯಾನೇಜರರು ಗೊಣಗುತ್ತ ಹೊರಗೆ ನಡೆದರು. ಸೋತವನು ಸೋಲಿಸಿದವನ ಪರ ನಿಲ್ಲುವುದನ್ನು ನಾನು ಯಾವ ಪಾಠದಲ್ಲೂ ಓದಿರಲಿಲ್ಲ.

ಮರುದಿನ ಬೆಳಿಗ್ಗೆ ಪಂದ್ಯ ಹೊರಟಿತು. ನಿನ್ನೆ ಗಕ್ಕನೆ ನಿಂತು ತನ್ನನ್ನು ಕೆಡವಲಿದ್ದ ಅಣ್ಣನ ಅದೇ ಹಿಂದಿನ ಗಾಲಿಗೆ ನಾಲ್ಕೇ ಬೆರಳ ದೂರದಲ್ಲಿ ದೇವದಾಸ ತನ್ನ ಮುಂದಿನ ಗಾಲಿಯನ್ನಿಟ್ಟು, ರಸ್ತೆಯನ್ನೂ ನೋಡದೆ, ತಲೆ ಬಗ್ಗಿಸಿ ತುಳಿಯುತ್ತಿದ್ದ.