ನಾಯಿ ಮತ್ತು ಕಸಬರಿಗೆಯ ಸಪ್ಪಳ

ಆ ದಿನವೂ ಮುಂಜಾನೆ ಎಂದಿನಂತೆಯೇ ಶುರುವಾಯಿತು. ನಾನು ಚಹಾಕ್ಕೆ ನೀರಿಟ್ಟೆ. ಅತ್ತೆ ಕೂದಲು ಗಂಟು ಹಾಕಿಕೊಳ್ಳುತ್ತ ಬಾಗಿಲ ಮರೆಯ ಕಸಬರಿಗೆಗೆ ಕೈ ಚಾಚಿದರು. ರೋಣದ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಅಂಗಳ ಗುಡಿಸಿ ನೀರು ಚಿಮುಕಿಸುವ ಮನೆ ನಮ್ಮದು. ಅತ್ತೆಗೆ ಅದು ಸಣ್ಣ ಹೆಮ್ಮೆಯಲ್ಲ. ನಾನು ಹೋಗಿ ಕಸಬರಿಗೆಯ ಮೇಲೆ ಕೈಯಿಟ್ಟೆ.

“ಅತ್ತೀ, ಇವತ್ತೊಂದ ದಿನಾ ಕಸಾ ತಡಾ ಮಾಡಿ ಹೊಡೀರಿ. ಮೊದಲ ನಾನು ನಾಯೀನ ಹೊರಗ ಕರಕೊಂಡ ಹೋಗಿ ಬರ್ತೀನಿ.”

“ಬಾಗಲಾ ಹಂಗ ಬಿಟ್ಟ ಕುಂದರ್ಲೇನು? ಓಣಿ ಮಂದಿ ಏನಂದಾರು?”

ಅಂದು ನಾಯಿಯ ತೀರ್ಮಾನವಾಗುವುದಿತ್ತು. ನಮ್ಮ ಯಜಮಾನರು ಗಜೇಂದ್ರಗಡದ ಗೆಳೆಯರ ಮನೆಯಿಂದ ತಂದ ಕಂದು ಬಣ್ಣದ ಮರಿ ಅದು. ಬಂದ ಕೆಲವೇ ದಿನಕ್ಕೆ ತನ್ನ ಹೇಲನ್ನು ತಾನೇ ತಿನ್ನತೊಡಗಿತು. ಅದೇ ಬಾಯಲ್ಲಿ ಅತ್ತೆಯ ಕಾಲು ನೆಕ್ಕಲು ಬರುತ್ತಿತ್ತು. ದೇವರ ಪೂಜೆಗೆ ಹೊರಟವರು ಮತ್ತೆ ಬಚ್ಚಲಿಗೆ ತಿರುಗಬೇಕಾಗುತ್ತಿತ್ತು. ಮಧ್ಯಾಹ್ನ ಭಾವ ಅಬ್ಬಿಗೇರಿಯಿಂದ ಟ್ರ್ಯಾಕ್ಟರ್ ತರುತ್ತಾರೆ, ಬಂದವರು ನಾಯಿಯನ್ನು ಹೊಲಕ್ಕೆ ಒಯ್ಯಲಿ ಎಂದು ಅತ್ತೆ ಹೇಳಿಕಳಿಸಿದ್ದರು. ಹೊಲದಲ್ಲಿ ಅದಕ್ಕೆ ಗೂಟವೊಂದೇ ಜೊತೆ. ನನಗೋ ಅಡುಗೆಮನೆಯ ಹೊಸ್ತಿಲ ಮೇಲೆ ಅದರ ಮೂತಿ ಇಲ್ಲದಿದ್ದರೆ ಕೆಲಸ ಸಾಗುತ್ತಿರಲಿಲ್ಲ.

ಉಪಾಯಗಳೆಲ್ಲ ಮುಗಿದಿದ್ದವು. ಮೊಬೈಲಿನಲ್ಲಿ ಓದಿ ಅನಾನಸು ತಿನ್ನಿಸಿದೆ. ಅದನ್ನೂ ತಿಂದಿತು, ಇದನ್ನೂ ತಿಂದಿತು. ಬಾಜೂ ಮನೆಯಾಕೆ ಹೇಳಿದಳೆಂದು ಹೇಲಿನ ಮೇಲೆ ಖಾರದ ಪುಡಿ ಉದುರಿಸಿದರೆ ಸೀನುತ್ತ ತಿಂದಿತು. ದನದ ದವಾಖಾನೆಯ ಡಾಕ್ಟರು ಖಾರದ ಸುದ್ದಿ ಕೇಳಿ ನನಗೇ ಬೈದರು. ಜಂತಿನ ಗುಳಿಗೆ ಕೊಟ್ಟು, ಹೊಟ್ಟೆ ತುಂಬ ಹಾಕಿ, ಮಾಡಿದ ಕೂಡಲೇ ಎತ್ತಿಬಿಡಿ ಎಂದರು. ಎತ್ತಲು ಅದು ಬಿಡಬೇಕಲ್ಲ!

ಹಿಂದಿನ ದಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನಾಯಿ ಮಲ್ಲಿಗೆ ಬಳ್ಳಿಯ ಬುಡದಲ್ಲಿ ಕೂತು ಎದ್ದು, ಒಮ್ಮೆ ಮೂಸಿ, ತನ್ನ ಪಾಡಿಗೆ ಆಚೆ ಹೊರಟಿತ್ತು. ಅಷ್ಟರಲ್ಲಿ ಅಂಗಳದ ಆ ತುದಿಯಲ್ಲಿ ಕಸಬರಿಗೆ ಸರ್ರೆಂದಿತು. ನಾಯಿಯ ಕಿವಿಗಳು ಹಿಂದಕ್ಕೆ ಮಡಚಿಕೊಂಡವು. ತಿರುಗಿ ಓಡಿ ಬಂದು, ಅಗಿಯದೆ ನುಂಗಿತು. ಹೊಲಸು ಕಂಡಾಗಲೆಲ್ಲ ಅತ್ತೆ ಕಸಬರಿಗೆ ಎತ್ತಿ ಗದರುತ್ತಿದ್ದರು. ಅದಕ್ಕೇ ಅವರು ಬರುವ ಮೊದಲೇ ಅದು ಅಂಗಳ ಸ್ವಚ್ಛ ಮಾಡುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಅವರ ಬೂಟಿನ ಸಪ್ಪಳ ವರಾಂಡದಲ್ಲಿ ಕೇಳಿಸಿದರೆ ನಾವು ಬಾಯೊಳಗಿನ ಹುಣಸೆಹಣ್ಣನ್ನು ಬೀಜದ ಸಮೇತ ನುಂಗುತ್ತಿದ್ದೆವು. ನಾಯಿಯ ಮುಖದಲ್ಲಿ ಅದೇ ಅವಸರ ಕಂಡಿತು.

ಬಾಗಿಲಲ್ಲೇ ನಿಂತು ಇಷ್ಟನ್ನೂ ಅತ್ತೆಗೆ ಹೇಳಿದೆ. ಅವರು ಕಸಬರಿಗೆಯನ್ನು ಮೆಲ್ಲಗೆ ಗೋಡೆಗೆ ಆನಿಸಿದರು.

“ಒಂದ ದಿನಾ ಅಷ್ಟ. ಲಗೂ ಬಾ.”

ಸೆರಗಿನಲ್ಲಿ ಕಡಕ್ ರೊಟ್ಟಿ ಕಟ್ಟಿಕೊಂಡು, ಒಲೆಯ ಬೂದಿ, ತಗಡಿನ ತುಂಡು ಹಿಡಿದು ನಾಯಿಯನ್ನು ಬಗಲಿನ ಖಾಲಿ ಜಾಗಕ್ಕೆ ಒಯ್ದೆ. ಅದು ಸುತ್ತು ಹೊಡೆದು, ಕೂತು, ಎದ್ದು, ಮನೆಯ ಕಡೆ ಕಿವಿ ನಿಗುರಿಸಿತು. ಏನೂ ಕೇಳಿಸಲಿಲ್ಲ. ನಾನು ಗದರಲಿಲ್ಲ, ಓಡಿಹೋಗಲೂ ಇಲ್ಲ. ನಿಂತಲ್ಲೇ ರೊಟ್ಟಿಯನ್ನು ಪಟ್ಟನೆ ಮುರಿದೆ. ನಾಯಿ ಹಿಂದೆ ಬಿದ್ದದ್ದನ್ನು ಮರೆತು ನನ್ನ ಹತ್ತಿರ ಬಂತು. ಅದು ರೊಟ್ಟಿ ಕಡಿಯುವಷ್ಟರಲ್ಲಿ ಬೂದಿ ಉದುರಿಸಿ ತಗಡಿನಿಂದ ಎಲ್ಲ ಎತ್ತಿಬಿಟ್ಟೆ.

ತಿರುಗಿ ಬಂದಾಗ ಅತ್ತೆ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದರು. ಬಗ್ಗಿ ಅದರ ಮೂತಿ ನೋಡಿದರು. ಮೀಸೆಗೆ ರೊಟ್ಟಿಯ ಪುಡಿ ಅಂಟಿತ್ತು. ಬಿಸಿಲೇರಿದ ಮೇಲೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಯಾರ ಕಡೆಯೂ ನೋಡದೆ ಅಂಗಳ ಗುಡಿಸಿದರು. ಮಧ್ಯಾಹ್ನ ನಾಯಿ ಮತ್ತೆ ಚಡಪಡಿಸಿದಾಗ ಅವರೇ ರೊಟ್ಟಿ ಹಿಡಿದು ಹಿಂದೆ ಹೋದರು.

ಭಾವ ಬಂದು ಹಗ್ಗ ಕೇಳಿದರು. ಅತ್ತೆ ಅವರಿಗೆ ಚಹಾದ ಕಪ್ಪು ಕೊಟ್ಟು, “ಈಗ ಬ್ಯಾಡ ತಗೋ. ಕಸಬರಗಿ ಸಪ್ಪಳಕ್ಕ ಅಂಜತೈತಿ ಅದು, ನಿನ್ನ ಟ್ರ್ಯಾಕ್ಟರಿಗೆ ಅಂಜೂದಿಲ್ಲೇನು?” ಎಂದರು.

ಸಂಜೆ ಬಾಜೂ ಮನೆಯಾಕೆ ಮೆಂತ್ಯ ಸೊಪ್ಪು ಸೋಸುತ್ತ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಅತ್ತೆಯ ಕಾಲ ಬುಡದಲ್ಲಿ ನಾಯಿ ಮಲಗಿತ್ತು. ಆಕೆ ಮುಂಜಾನೆಯ ಮಾತು ತೆಗೆದಳು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕುಳಿತರು.

“ಅಲ್ರೀ ಅಮ್ಮಾರ, ಇವತ್ತ ನಿಮ್ಮ ಕಸಬರಗಿ ಸಪ್ಪಳಾನ ಕೇಳಲಿಲ್ಲ. ಇನ್ನೂ ಬೆಳಗ ಆಗಿಲ್ಲಂತ ಮಕ್ಕೊಂಡಬಿಟ್ಟೆ ನೋಡ್ರಿ. ಭಾಳ ದಿನದ ಮ್ಯಾಲೆ ಚಲೋ ನಿದ್ದಿ ಆತು.”